ಪುಟ್ಟಿ, ಫ್ರಿಜ್ ಬಗ್ಗೆ ಚಿಕ್ಕಮ್ಮನ ಉದ್ದದ ಮೆಸೇಜು

ಪುಟ್ಟಿ, ನಿನ್ನ ಮೆಸೇಜ್ ಬೆಳಿಗ್ಗೆಯೇ ನೋಡಿದೆ. ಕೈಯೆಲ್ಲ ಹಿಟ್ಟಾಗಿತ್ತು, ಫೋನ್ ಮುಟ್ಟಲಿಲ್ಲ. ಈಗ ಕುಕ್ಕರ್ ಇಟ್ಟು ಕೂತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ, ಸೊಪ್ಪು ಬಿಡಿಸುತ್ತಾ ಕೇಳು.

ಗ್ರೂಪಿನಲ್ಲಿ ಈಗ ನೋಡಿದವರಿಗೂ ಗೊತ್ತಾಗಲಿ. ಶಿವಮೊಗ್ಗದ ಬಾಡಿಗೆ ಮನೆಗೆ ಹೊಸ ಫ್ರಿಜ್ ಬೇಕು, ನಾಲ್ಕು ಜನ ಇದ್ದಾರೆ, ಅತ್ತೆಗೆ ಮಂಡಿನೋವು, ಮೇಲೆ ಫ್ರೀಜರ್ ಇರುವ ಡಬಲ್ ಡೋರ್ ಆಗುತ್ತದಾ ಅಂತ ಇವಳು ಕೇಳಿದ್ದಾಳೆ. ಭಾವ ಸಿಂಗಲ್ ಡೋರ್ ಸಾಕು ಅಂದರು. ಬೆಂಗಳೂರಿನ ಅಣ್ಣ ಬೀರುವಿನ ಹಾಗೆ ಎರಡೂ ಕಡೆ ತೆಗೆಯುತ್ತದಲ್ಲ, ಅದನ್ನೇ ತಗೋ ಅಂದ. ಅಣ್ಣಾ, ಅವಳ ಅಡುಗೆಮನೆ ನೋಡಿದ್ದೀಯಾ? ಆ ಫ್ರಿಜ್ ಒಳಗೆ ಬಂದರೆ ಅವಳು ಹೊರಗೆ ನಿಲ್ಲಬೇಕಾಗುತ್ತದೆ.

ನನ್ನ ಕೇಳಿದರೆ ಡಬಲ್ ಡೋರೇ ತಗೋ. ಆದರೆ ಅದು ಹೇಗೆ ತಂಪು ಮಾಡುತ್ತದೆ ಅಂತ ಮೊದಲು ತಿಳಿದುಕೋ. ನಾನು ಅದು ಗೊತ್ತಿಲ್ಲದೆ ದುಡ್ಡು ಕಳೆದುಕೊಂಡವಳು.

ಹೋದ ವರ್ಷ ದೀಪಾವಳಿಗೆ ಎರಡು ವಾರ ಇತ್ತು. ನಮ್ಮ ಫ್ರಿಜ್‌ನಲ್ಲಿ ಹಾಲು ಒಡೆಯುವುದಕ್ಕೆ ಶುರುವಾಯಿತು. ರಾತ್ರಿ ಇಟ್ಟ ದೋಸೆಹಿಟ್ಟು ಬೆಳಿಗ್ಗೆ ಪಾತ್ರೆಯಿಂದ ಉಕ್ಕಿ ಕೆಳಗಿನ ಗಾಜಿನ ಮೇಲೆ ಸುರಿದಿತ್ತು. ಮೇಲೆ ಫ್ರೀಜರ್‌ನಲ್ಲಿ ನೋಡಿದರೆ ಐಸ್ ಕಲ್ಲಿನ ಹಾಗೇ ಇದೆ. ಮೆಕ್ಯಾನಿಕ್ ಬಂದ, ಬಾಗಿಲು ತೆಗೆದು ಒಮ್ಮೆ ಕೈಯಿಟ್ಟ, "ಗ್ಯಾಸ್ ಖಾಲಿ ಅಕ್ಕಾ" ಅಂದ. ಗ್ಯಾಸ್ ತುಂಬಿಸಿ 2,800 ರೂಪಾಯಿ ತಗೊಂಡು ಹೋದ. ಎಂಟು ದಿನ ಚೆನ್ನಾಗಿತ್ತು. ಒಂಬತ್ತನೇ ದಿನ ಮತ್ತೆ ಅದೇ ಕಥೆ.

ಎರಡನೆಯವನು ಬೇರೆ ಹುಡುಗ. ಅವನು ಮೊದಲು ನನ್ನನ್ನೇ ಕೇಳಿದ: "ಮೇಲೆ ತಂಪಿದೆ, ಕೆಳಗೆ ಇಲ್ಲ, ಅಲ್ವಾ ಅಮ್ಮಾ? ಹಾಗಾದರೆ ಗ್ಯಾಸ್ ಆಗಿರಲಿಕ್ಕಿಲ್ಲ." ಫ್ರೀಜರ್ ಹಿಂದಿನ ಪ್ಲಾಸ್ಟಿಕ್ ಹಲಗೆಯ ಸ್ಕ್ರೂ ಬಿಚ್ಚಿದ. ಅದರ ಹಿಂದೆ ತಂಪು ಮಾಡುವ ಕಾಯಿಲ್ ಇರುತ್ತದೆ. ಕಾಯಿಲ್ ಎಲ್ಲಿದೆ ಅಂತಲೇ ಕಾಣಲಿಲ್ಲ ನನಗೆ. ಬೆಳ್ಳಗೆ ಒಂದು ಗೋಡೆ, ಕಲ್ಲುಸಕ್ಕರೆ ಅಚ್ಚು ಹಾಕಿದ ಹಾಗೆ. ಫ್ಯಾನಿನ ರೆಕ್ಕೆ ಆ ಐಸಿಗೆ ತಾಗಿ ಟಕ ಟಕ ಅನ್ನುತ್ತಿತ್ತು. ಆ ಸದ್ದು ತಿಂಗಳಿಂದ ನನ್ನ ಕಿವಿಗೆ ಬೀಳುತ್ತಲೇ ಇತ್ತು, ಹಲ್ಲಿ ಇರಬೇಕು ಅಂತ ಸುಮ್ನಿದ್ದೆ!

ಅವನು ಹೇಳಿದ್ದನ್ನು ನನಗೆ ಅರ್ಥವಾದ ಹಾಗೆ ಹೇಳುತ್ತೇನೆ. ಫ್ರಾಸ್ಟ್ ಫ್ರೀ, ಅಂದರೆ ಮಂಜನ್ನು ತಾನೇ ಕರಗಿಸಿಕೊಳ್ಳುವ ಡಬಲ್ ಡೋರ್‌ನಲ್ಲಿ ತಂಪು ಹುಟ್ಟುವುದು ಮೇಲೆ ಮಾತ್ರ. ಫ್ಯಾನ್ ಆ ಗಾಳಿಯನ್ನು ಫ್ರೀಜರ್‌ಗೆ ಊದುತ್ತದೆ, ಒಂದು ಪಾಲನ್ನು ಕಿಂಡಿಯಲ್ಲಿ ಕೆಳಗೆ ಕಳಿಸುತ್ತದೆ. ಕೆಳಗಿನ ಹಾಲು, ಮೊಸರು, ತರಕಾರಿ ಎಲ್ಲ ಬದುಕುವುದು ಆ ಕಿಂಡಿಯ ಗಾಳಿಯಲ್ಲಿ. ಕಾಯಿಲ್ ಮೇಲೆ ಕಟ್ಟುವ ಮಂಜನ್ನು ಕರಗಿಸಲು ಒಂದು ಸಣ್ಣ ಹೀಟರ್ ಇರುತ್ತದೆ, ದಿನಕ್ಕೆ ಒಂದೆರಡು ಸಲ ತಾನೇ ಆನ್ ಆಗುತ್ತದೆ. ನಮ್ಮದರಲ್ಲಿ ಆ ಹೀಟರಿನ ಫ್ಯೂಸ್ ಹೋಗಿತ್ತು. ಮಂಜು ಕರಗಲಿಲ್ಲ, ಗಟ್ಟಿಯಾಯಿತು, ಗಾಳಿಯ ದಾರಿ ಮುಚ್ಚಿತು. ಗ್ಯಾಸ್ ತುಂಬಿಸುವಾಗ ಫ್ರಿಜ್ ಅರ್ಧ ದಿನ ಆಫ್ ಇತ್ತಲ್ಲ, ಐಸ್ ಕರಗಿ ದಾರಿ ಬಿಟ್ಟಿತ್ತು. ಎಂಟು ದಿನ ತಂಪಾಗಿದ್ದು ಅದಕ್ಕೇ. ಗ್ಯಾಸಿಗೂ ಅದಕ್ಕೂ ಸಂಬಂಧವೇ ಇಲ್ಲ. ಫ್ಯೂಸು, ಅವನ ಕೂಲಿ ಎಲ್ಲ ಸೇರಿ 650 ರೂಪಾಯಿಗೆ ಮುಗಿಯಿತು.

ಇದನ್ನು ನೆನಪಿಟ್ಟುಕೋ. ಮೇಲೆ ಗಟ್ಟಿ ಐಸ್, ಕೆಳಗೆ ಬಿಸಿ ಅಂದರೆ ಮೊದಲು ಗಾಳಿಯನ್ನು ಅನುಮಾನಿಸು. ಸಾಮಾನೆಲ್ಲ ತೆಗೆದು, ಪ್ಲಗ್ ಕಿತ್ತು, ಎರಡೂ ಬಾಗಿಲು ತೆರೆದು ಒಂದು ದಿನ ಬಿಡು. ನೆಲಕ್ಕೆ ಹಳೇ ಬಟ್ಟೆ ಹಾಸು. ಆಮೇಲೆ ಕೆಲವು ದಿನ ಚೆನ್ನಾಗಿ ನಡೆದು ಮತ್ತೆ ಕೆಟ್ಟರೆ ಮಂಜು ಕರಗಿಸುವ ಭಾಗದ್ದೇ ತೊಂದರೆ ಇರುವ ಸಾಧ್ಯತೆ ಜಾಸ್ತಿ. ಮೆಕ್ಯಾನಿಕ್‌ಗೂ ಹಾಗೇ ಹೇಳು, ಹಲಗೆ ಬಿಚ್ಚಿ ನೋಡದೆ ಗ್ಯಾಸಿನ ಮಾತೆತ್ತಲು ಬಿಡಬೇಡ. ಗ್ಯಾಸ್ ನಿಜವಾಗಿ ಸೋರಿದ್ದರೆ ಮೇಲೂ ತಂಪು ಕಡಿಮೆಯಾಗುತ್ತದೆ.

ನಾವೇ ಗಾಳಿ ಮುಚ್ಚುವುದೂ ಉಂಟು. ಅವರೆಕಾಯಿ ಕಾಲ ಬಂತು ಅಂದರೆ ನಿಮ್ಮಮ್ಮ ಏನು ಮಾಡುತ್ತಾಳೆ ಹೇಳು? ಹಿತಕಿದ ಬೇಳೆ ಹತ್ತು ಕವರು, ಕಾಯಿತುರಿ ಆರು ಡಬ್ಬಿ, ಫ್ರೀಜರ್‌ನ ಹಿಂದಿನ ಗೋಡೆಗೆ ಒತ್ತಿ ತುರುಕುತ್ತಾಳೆ. ಗಾಳಿ ಬರುವ ಕಿಂಡಿ ಇರುವುದೇ ಅಲ್ಲಿ. ಎರಡು ಬೆರಳು ಜಾಗ ಬಿಡಬೇಕು. ಇನ್ನೊಂದು, ಸಾಮಾನ್ಯವಾಗಿ ಮೇಲೊಂದು ನಾಬ್, ಕೆಳಗೊಂದು ನಾಬ್ ಇರುತ್ತದೆ. ಬಹಳ ಮಾಡೆಲ್‌ಗಳಲ್ಲಿ ಮೇಲಿನದು ಗಾಳಿಯನ್ನು ಹಂಚುವ ಬಾಗಿಲು ಅಷ್ಟೇ. ಅದನ್ನು ಪೂರ್ತಿ ತಿರುಗಿಸಿದರೆ ಗಾಳಿ ಮೇಲೇ ಉಳಿಯುತ್ತದೆ, ಕೆಳಗೆ ಮೊಸರು ಹುಳಿಯಾಗುತ್ತದೆ. ಮಕ್ಕಳು ಐಸ್‌ಕ್ರೀಮ್ ಗಟ್ಟಿಯಾಗಲಿ ಅಂತ ತಿರುಗಿಸಿಟ್ಟು ಮರೆತುಬಿಡುತ್ತಾರೆ. ಎರಡನ್ನೂ ಮಧ್ಯದಲ್ಲಿಡು. ಕೆಳಗೆ 4 ಡಿಗ್ರಿ, ಫ್ರೀಜರ್‌ನಲ್ಲಿ ಮೈನಸ್ 18 ಇದ್ದರೆ ಸಾಕು.

ಈಗ ಭಾವನ ಸಿಂಗಲ್ ಡೋರ್. ಇಬ್ಬರೇ ಇದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ. ಅಗ್ಗ, ಕರೆಂಟೂ ಕಡಿಮೆ, ಸೊಪ್ಪು ಅದರಲ್ಲಿ ಹಸಿಯಾಗಿ ಉಳಿಯುತ್ತದೆ. ಆದರೆ ಐಸ್ ಕರಗಿಸುವ ಕೆಲಸ ನಮ್ಮದೇ. ಅಮ್ಮ ಬೇಜಾರಾಗಿ ಚಾಕುವಿನಲ್ಲಿ ಚುಚ್ಚಿ ಫ್ರೀಜರ್ ತೂತು ಮಾಡಿದ್ದು ನೆನಪಿದೆ ಅಲ್ವಾ, ಪುಸ್ ಅಂತ ಗ್ಯಾಸ್ ಹೋಗಿತ್ತು. ಈಗಿನ ಫ್ರಿಜ್‌ಗಳಲ್ಲಿ ಬರುವ ಆರ್600ಎ ಗ್ಯಾಸು ಬೆಂಕಿ ಹಿಡಿಯುವಂಥದ್ದು. ಚಾಕು ದೂರವೇ ಇರಲಿ.

ಅತ್ತೆಯ ಮಂಡಿ ವಿಷಯ. ಮೇಲೆ ಫ್ರೀಜರ್ ಇದ್ದರೆ ತರಕಾರಿ ಡಬ್ಬಿ ನೆಲದ ಹತ್ತಿರ ಹೋಗುತ್ತದೆ, ಅದು ನಿಜ. ಫ್ರೀಜರ್ ಕೆಳಗಿರುವ ಮಾಡೆಲ್‌ಗಳೂ ಇವೆ, ಬೆಲೆ ಜಾಸ್ತಿ. ಅಷ್ಟು ಕೊಡುವ ಬದಲು ಅರ್ಧ ಅಡಿಯ ಗಟ್ಟಿ ಸ್ಟ್ಯಾಂಡ್ ಮಾಡಿಸು. ಹಾಲು, ಮೊಸರು, ಹಿಟ್ಟು, ಬೆಳಗಿನ ಸಾರು ಸೊಂಟದ ಮಟ್ಟದ ತಟ್ಟೆಯಲ್ಲಿರಲಿ. ತರಕಾರಿಯನ್ನು ಬೆಳಿಗ್ಗೆ ಒಮ್ಮೆ ನೀನೇ ತೆಗೆದುಕೊಟ್ಟರಾಯಿತು. ಸ್ಟ್ಯಾಂಡ್ ಮೇಲೂ ಮುಂದಿನ ಎರಡು ಕಾಲಿನ ಸ್ಕ್ರೂ ಸ್ವಲ್ಪ ಎತ್ತಿಡು, ಬಾಗಿಲು ತಾನಾಗೇ ಹೋಗಿ ಮುಚ್ಚಿಕೊಳ್ಳಬೇಕು.

ನಾಲ್ಕು ಜನಕ್ಕೆ 240ರಿಂದ 270 ಲೀಟರ್ ಸಾಕು. ಸ್ಟಾರ್ ಲೇಬಲ್‌ನಲ್ಲಿ ನಕ್ಷತ್ರ ಎಣಿಸಿ ಬಿಡಬೇಡ, ವರ್ಷಕ್ಕೆ ಎಷ್ಟು ಯೂನಿಟ್ ಅಂತ ಬರೆದಿರುತ್ತದೆ, ಅದನ್ನು ಓದು. ಲೇಬಲ್ಲಿನ ವರ್ಷವನ್ನೂ ನೋಡು. 2023ರ ಜನವರಿಯಿಂದ ಸ್ಟಾರ್ ಲೆಕ್ಕ ಬಿಗಿಯಾಗಿದೆ, ಹಳೇ ಸ್ಟಾಕಿನ ಸ್ಟಾರು, ಹೊಸದರ ಸ್ಟಾರು ಒಂದೇ ಅಲ್ಲ. 230 ಯೂನಿಟ್ ಅಂತಿದ್ದರೆ ತಿಂಗಳಿಗೆ ಸುಮಾರು 19. ಗೃಹಜ್ಯೋತಿಯ ಉಚಿತ ಕರೆಂಟ್ ಇರುವವರಿಗೆ ಇದು ಸಣ್ಣ ಲೆಕ್ಕ ಅಲ್ಲ. 2022-23ರ ಸರಾಸರಿಯ ಮೇಲೆ ಇಷ್ಟು ಅಂತ ಮಿತಿ ಹಾಕಿದ್ದಾರೆ, ಅದನ್ನು ದಾಟಿದಷ್ಟಕ್ಕೆ ದುಡ್ಡು ಕಟ್ಟಬೇಕು. ತಿಂಗಳಿಗೆ 200 ಯೂನಿಟ್ ದಾಟಿತೋ, ಪೂರ್ತಿ ಬಿಲ್ಲೇ ಕಟ್ಟಬೇಕು. ಜಿಎಸ್‌ಟಿ ಇಳಿಯಿತಲ್ಲ, ಫ್ರಿಜ್ ಅಗ್ಗ ಆಗಿರಬೇಕು ಅಂತ ಅತ್ತಿಗೆ ಕೇಳಿದ್ದರು. 2025ರಲ್ಲಿ ಇಳಿದದ್ದು ಎಸಿ, ದೊಡ್ಡ ಟಿವಿಗಳಿಗೆ ಅತ್ತಿಗೆ. ಫ್ರಿಜ್‌ಗೆ 2018ರ ಜುಲೈಯಿಂದಲೇ ಶೇಕಡಾ 18 ಇದೆ. ಅಂಗಡಿಯವರು ಆ ಹೆಸರಲ್ಲಿ ಆಫರ್ ಅಂದರೆ ನಗಬೇಕಷ್ಟೇ.

ಇನ್ವರ್ಟರ್ ಫ್ರಿಜ್ ಅಂದರೆ ಕರೆಂಟ್ ಹೋದಾಗಲೂ ನಡೆಯುವ ಫ್ರಿಜ್ ಅಂತ ಚಿಕ್ಕಪ್ಪ ನಾಲ್ಕು ಜನಕ್ಕೆ ಹೇಳಿಕೊಂಡು ಬಂದಿದ್ದರು, ಅವರನ್ನು ನಂಬಬೇಡ. ಕಂಪ್ರೆಸರ್ ಬೇಕಾದಷ್ಟೇ ನಿಧಾನವಾಗಿ, ಜೋರಾಗಿ ಓಡುತ್ತದೆ, ಅದಕ್ಕೆ ಆ ಹೆಸರು. ಒಳ್ಳೆಯದೇ, ಸದ್ದೂ ಕಡಿಮೆ. ಆದರೆ "ಹತ್ತು ವರ್ಷ ವಾರಂಟಿ" ಅನ್ನುವುದು ಸಾಮಾನ್ಯವಾಗಿ ಕಂಪ್ರೆಸರ್‌ಗೆ ಮಾತ್ರ. ಅದನ್ನು ನಡೆಸುವ ಎಲೆಕ್ಟ್ರಾನಿಕ್ ಬೋರ್ಡಿಗೆ ಎಷ್ಟು ವರ್ಷ ಅಂತ ಬಿಲ್ಲು ಕೊಡುವ ಮೊದಲೇ ಕೇಳು. ನಮ್ಮ ಕಡೆ ಗುಡುಗು ಸಿಡಿಲಿಗೆ ಮೊದಲು ಹೋಗುವುದು ಆ ಬೋರ್ಡೇ. ಸ್ಟೆಬಿಲೈಸರ್ ಬೇಡದ ಫ್ರಿಜ್ ಅಂದರೂ ಸಿಡಿಲು ಶುರುವಾದರೆ ಪ್ಲಗ್ ಕಿತ್ತಿಡು. ಬಾಗಿಲು ತೆಗೆಯದಿದ್ದರೆ ನಾಲ್ಕು ಗಂಟೆ ಏನೂ ಆಗುವುದಿಲ್ಲ.

ತಾಳು, ಕುಕ್ಕರ್ ಕೂಗಿತು... ಹಾಂ, ಬಂದೆ.

ಮನೆಗೆ ತಂದ ಕೂಡಲೇ ಸ್ವಿಚ್ ಹಾಕಬೇಡಿ, ನೆಟ್ಟಗೆ ನಿಲ್ಲಿಸಿ ಮೂರ್ನಾಲ್ಕು ಗಂಟೆ ಬಿಡಿ. ಎರಡು ಪಕ್ಕ ಬಿಸಿಯಾದರೆ ಗಾಬರಿಯಾಗಬೇಡ, ಬಿಸಿ ಹೊರಹಾಕುವ ಪೈಪು ಈಗ ಪಕ್ಕದ ಗೋಡೆಯೊಳಗೇ ಇರುತ್ತದೆ. ಅದಕ್ಕೇ ಪಕ್ಕದಲ್ಲೂ ಹಿಂದೆಯೂ ಒಂದು ಗೇಣಾದರೂ ಜಾಗ ಬಿಡು. ಅಕ್ಕಿ ಮೂಟೆ ಒತ್ತಿಡಬೇಡ.

ಬಾಗಿಲಿನ ರಬ್ಬರ್ ನೋಡಿಕೋ. ಮಳೆಗಾಲದಲ್ಲಿ ಅದರ ಮಡಿಕೆಯಲ್ಲಿ ಕಪ್ಪು ಬೂಷ್ಟು ಕೂರುತ್ತದೆ. ಉಗುರುಬೆಚ್ಚಗಿನ ಸೋಪುನೀರು, ಹಳೇ ಹಲ್ಲುಜ್ಜುವ ಬ್ರಷ್ಷು, ತಿಂಗಳಿಗೆ ಒಮ್ಮೆ. ಹತ್ತು ರೂಪಾಯಿ ನೋಟನ್ನು ಬಾಗಿಲಿಗೆ ಸಿಕ್ಕಿಸಿ ಮುಚ್ಚಿ ಎಳೆ. ಸುಮ್ನೆ ಜಾರಿ ಬಂದರೆ ಅಲ್ಲಿ ರಬ್ಬರ್ ಸಡಿಲ. ಹೊರಗಿನ ಹಸಿಗಾಳಿ ಅಲ್ಲಿಂದಲೇ ಒಳಗೆ ಹೋಗುವುದು, ಆಮೇಲೆ ಮೇಲೆ ಮಂಜಾಗಿ ಕೂರುವುದು.

ಹಿಂದೆ ಕಂಪ್ರೆಸರ್ ಮೇಲೆ ಒಂದು ತಟ್ಟೆ ಇರುತ್ತದೆ. ಕರಗಿದ ನೀರು ಅಲ್ಲಿಗೆ ಬಂದು ಬಿಸಿಗೆ ಆರುತ್ತದೆ. ಮಳೆಗಾಲದಲ್ಲಿ ಬೇಗ ಆರುವುದಿಲ್ಲ. ಆಶಾ ಕಾರ್ಯಕರ್ತೆ ಬಂದಾಗ ನಮ್ಮನೆ ತಟ್ಟೆಗೆ ಟಾರ್ಚ್ ಬಿಟ್ಟು ತೋರಿಸಿದಳು, ಸಣ್ಣ ಸಣ್ಣ ಹುಳ ಕುಣಿಯುತ್ತಿದ್ದವು. ಡೆಂಗಿ ಸೊಳ್ಳೆಯ ಮರಿಗಳು. ತೊಟ್ಟಿ, ತೆಂಗಿನ ಚಿಪ್ಪು ಎಲ್ಲ ಬೋರಲು ಹಾಕಿಟ್ಟಿದ್ದೆ, ಇದೊಂದು ತಲೆಗೇ ಹೋಗಿರಲಿಲ್ಲ. ನಾಚಿಕೆಯಾಯಿತು. ವಾರಕ್ಕೊಮ್ಮೆ ಪ್ಲಗ್ ಕಿತ್ತು ಅದನ್ನು ಒರೆಸು.

ಫ್ರಾಸ್ಟ್ ಫ್ರೀಯಲ್ಲಿ ಗಾಳಿ ಆಡುತ್ತಲೇ ಇರುವುದರಿಂದ ಕೊತ್ತಂಬರಿ, ಮೆಂತ್ಯ ಬೇಗ ಬಾಡುತ್ತವೆ. ಬೇರು ಕತ್ತರಿಸಿ, ತೊಳೆಯದೆ, ಹಳೇ ಪಂಚೆ ತುಂಡಿನಲ್ಲಿ ಸುತ್ತಿ ಡಬ್ಬಿಯಲ್ಲಿಡು. ಮಲ್ಲಿಗೆಗೆ ಬಾಳೆ ಎಲೆ.

ಶನಿವಾರ ಅಂಗಡಿಗೆ ಹೋಗುವಾಗ ಟೇಪ್ ತಗೊಂಡು ಹೋಗು. ಅದಕ್ಕೂ ಮೊದಲು ನಿಮ್ಮ ಮೆಟ್ಟಿಲು ತಿರುಗುವ ಜಾಗ, ಅಡುಗೆಮನೆ ಬಾಗಿಲು ಅಳೆದುಕೋ. ಎರಡು ಮೂರು ಲೇಬಲ್ಲಿನ ಫೋಟೋ ಇಲ್ಲೇ ಹಾಕು, ನೋಡಿ ಹೇಳುತ್ತೇನೆ. ಚಿಕ್ಕಪ್ಪನಿಗೆ ಮಾತ್ರ ಫೋನ್ ಮಾಡಬೇಡ.