ಹ್ಯಾಕಥಾನ್‌ಗೆ ಮುಂಚೆ ನಮ್ಮ ಸ್ಪೆಲ್‌ಚೆಕ್ ರೆಪೊ ಹೇಗೆ ಸಜ್ಜು ಮಾಡೋದು?

ಪ್ರಶ್ನೆ
ನಮಸ್ಕಾರ. ಕಾಗುಣಿತದ ತಪ್ಪು ಹಿಡಿಯುವ ಹನ್‌ಸ್ಪೆಲ್ ತಂತ್ರಾಂಶಕ್ಕೆ ಕನ್ನಡ ಪದಪಟ್ಟಿ ಮಾಡುತ್ತಿದ್ದೇವೆ, ಮೂರೇ ಜನ. ಫೈಲ್‌ಗಳೆಲ್ಲ ಒಂದು ರೆಪೊದಲ್ಲಿ (ಪ್ರಾಜೆಕ್ಟಿನ ಫೈಲ್‌ಗಳ ಸಂಗ್ರಹ) ಇವೆ. ಮೈಸೂರಿನ ಕಾಲೇಜೊಂದರ ಹ್ಯಾಕಥಾನ್‌ಗೆ (ಎಲ್ಲರೂ ಸೇರಿ ಕೋಡ್ ಕೆಲಸ ಮಾಡುವ ಕಾರ್ಯಕ್ರಮ) ನಮ್ಮ ಪ್ರಾಜೆಕ್ಟನ್ನೂ ತೆಗೆದುಕೊಂಡಿದ್ದಾರೆ. ಬರುವವರಲ್ಲಿ ಹೆಚ್ಚಿನವರು ಗಿಟ್ (ಫೈಲ್‌ಗಳ ಬದಲಾವಣೆಯ ಲೆಕ್ಕ ಇಡುವ ಸಾಧನ) ಈಗಷ್ಟೇ ಕಲಿತವರು. ಪ್ರಾಜೆಕ್ಟ್ ಪರಿಚಯಿಸುವ ರೀಡ್‌ಮಿ ಫೈಲ್, ಲೈಸೆನ್ಸ್ ಎರಡೂ ಇವೆ. ಇನ್ನೇನು ಮಾಡಿಟ್ಟುಕೊಳ್ಳಬೇಕು?

ಉತ್ತರ 1
ಮೊದಲು ನಿಮ್ಮ ಡಿಕ್ ಫೈಲ್ (ಹನ್‌ಸ್ಪೆಲ್ ಓದುವ ಪದಪಟ್ಟಿ) ನೋಡಿ. ಪದಗಳೆಲ್ಲ ಅದೊಂದರಲ್ಲೇ ಇವೆ ಅಲ್ವಾ? ಮೊದಲ ಸಾಲಿನಲ್ಲಿ ಒಟ್ಟು ಪದಗಳ ಎಣಿಕೆ ಇರುತ್ತದೆ. ಒಬ್ಬರು ಐದು ಪದ, ಇನ್ನೊಬ್ಬರು ಎಂಟು ಪದ ಸೇರಿಸಿ ಎಣಿಕೆ ತಿದ್ದಿದರೆ ಆ ಸಾಲಿನಲ್ಲೇ ಮರ್ಜ್ ಕಾನ್‌ಫ್ಲಿಕ್ಟ್, ಅಂದರೆ ಯಾರ ಬದಲಾವಣೆ ಇಟ್ಟುಕೊಳ್ಳಬೇಕು ಅಂತ ಗಿಟ್‌ಗೆ ತಿಳಿಯುವುದಿಲ್ಲ. ಗಿಟ್ ಹೊಸದಾಗಿ ಕಲಿತ ಹುಡುಗರು ಅಲ್ಲೇ ಕೈಚೆಲ್ಲಿ ಕೂರುತ್ತಾರೆ. ಪದಗಳನ್ನು ಅಕ್ಷರಕ್ಕೊಂದು ಫೈಲ್ ಮಾಡಿ ಒಡೆಯಿರಿ. ಎಣಿಸಿ ಡಿಕ್ ಕಟ್ಟುವ ಕೆಲಸ ಸ್ಕ್ರಿಪ್ಟ್ ಮಾಡಲಿ. ಆಗ 'ಕ' ಒಬ್ಬರಿಗೆ, 'ಗ' ಇನ್ನೊಬ್ಬರಿಗೆ ಅಂತ ಹಂಚಬಹುದು.

ಎರಡನೆಯದು ಇಶ್ಯೂ, ಅಂದರೆ ಮಾಡಬೇಕಾದ ಕೆಲಸದ ವಿವರ, ಬರೆಯುವ ರೀತಿ. ಸುಮ್ನೆ 'ಗುಡ್ ಫಸ್ಟ್ ಇಶ್ಯೂ' (ಹೊಸಬರಿಗೆ ತಕ್ಕ ಕೆಲಸ) ಲೇಬಲ್ ಅಂಟಿಸಿದರೆ ಸಾಲದು. 'ಅರ್ಧಾಕ್ಷರದ ತೊಂದರೆ ಸರಿಮಾಡಿ' ಅಂದರೆ ಹೊಸಬರು ಎಲ್ಲಿಂದ ಶುರುಮಾಡಬೇಕು? ಹೀಗೆ ಬರೆಯಿರಿ: 'ರಾಜ್‌ಕುಮಾರ್ ಎಂದು ಟೈಪ್ ಮಾಡಿದರೆ ಕೆಂಪು ಗೆರೆ ಬರುತ್ತಿದೆ. ಜ್ ಮತ್ತು ಕು ನಡುವೆ ಕಣ್ಣಿಗೆ ಕಾಣದ ಜೀರೋ ವಿಡ್ತ್ ನಾನ್ ಜಾಯ್ನರ್ (ಅಕ್ಷರಗಳು ಒತ್ತಾಗಿ ಕೂಡದಂತೆ ತಡೆಯುವ ಚಿಹ್ನೆ) ಇದೆ. ಅದನ್ನು ತೆಗೆದರೆ ರಾಜ್ಕುಮಾರ್ ಆಗುತ್ತದೆ.' ಅದರ ಕೆಳಗೆ ಯಾವ ಫೈಲ್ ತೆರೆಯಬೇಕು, ಯಾವ ಟೆಸ್ಟ್ ಓಡಿಸಬೇಕು ಅಂತ ಹೇಳಿ. ಇಷ್ಟಿದ್ದರೆ ಎರಡನೇ ವರ್ಷದ ಹುಡುಗಿಯೊಬ್ಬಳು ಯಾರನ್ನೂ ಕೇಳದೆ ಕೆಲಸ ಶುರುಮಾಡುತ್ತಾಳೆ. ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು ಇದೇ.

ಉತ್ತರ 2
ಮೇಲಿನವರು ಹೇಳಿದ್ದು ಸರಿ. ಇನ್ನೊಂದು ವಿಷಯ. ರೆಪೊ ಇಡುವ ತಾಣ ಗಿಟ್‌ಹಬ್‌ನಲ್ಲಿ ಮೊದಲ ಸಲ ಪಿಆರ್ (ಪುಲ್ ರಿಕ್ವೆಸ್ಟ್, ಅಂದರೆ 'ನನ್ನ ಬದಲಾವಣೆ ಸೇರಿಸಿಕೊಳ್ಳಿ' ಎಂಬ ಕೋರಿಕೆ) ಕಳಿಸುವವರ ಟೆಸ್ಟ್‌ಗಳು ಸಾಮಾನ್ಯವಾಗಿ ತಾವಾಗೇ ಓಡುವುದಿಲ್ಲ. ನಿಮ್ಮಲ್ಲೊಬ್ಬರು ಅಪ್ರೂವ್ ಒತ್ತಬೇಕು. ಹಾಗಾಗಿ ಅವತ್ತು ಪೂರ್ತಿ ಒಬ್ಬರಾದರೂ ಲ್ಯಾಪ್‌ಟಾಪ್ ಮುಂದೆ ಇರಲೇಬೇಕು, ಸರದಿ ಹಾಕಿಕೊಳ್ಳಿ.

ಏನು ಬೇಡ ಅನ್ನುವುದನ್ನೂ ಮೊದಲೇ ಬರೆದಿಡಿ. ಪಿಆರ್ ಕಳಿಸಿದವರಿಗೆ ಟೀ ಶರ್ಟ್ ಕೊಡುತ್ತಿದ್ದ ಹ್ಯಾಕ್ಟೋಬರ್‌ಫೆಸ್ಟ್ ಕಾರ್ಯಕ್ರಮದಲ್ಲಿ 2020ರಲ್ಲಿ ಆ ಆಸೆಗೆ ರೀಡ್‌ಮಿಯಲ್ಲಿ ಒಂದೆರಡು ಪದ ಬದಲಿಸಿದ ಪಿಆರ್‌ಗಳು ರಾಶಿ ಬಿದ್ದವು. ಕೊನೆಗೆ ಅದನ್ನು ನಡೆಸುವ ಡಿಜಿಟಲ್ ಓಷನ್ ಕಂಪನಿ, ಒಪ್ಪಿಗೆ ಕೊಟ್ಟ ರೆಪೊಗಳಿಗೆ ಕಳಿಸಿದ ಪಿಆರ್ ಮಾತ್ರ ಲೆಕ್ಕಕ್ಕೆ ಅಂತ ನಿಯಮ ಬದಲಿಸಿತು.

ಪ್ರಶ್ನೆ ಕೇಳಿದವರು
ತುಂಬಾ ಥ್ಯಾಂಕ್ಸ್. ಫೈಲ್ ಒಡೆಯುವ ಕೆಲಸ ಇವತ್ತೇ ಶುರು. ಪದ ಎಲ್ಲಿಂದ ತರಲಿ ಅಂತ ಅವರು ಕೇಳಿದರೆ ಏನು ಹೇಳೋದು?

ಉತ್ತರ 1
ಇದನ್ನು ದಪ್ಪಕ್ಷರದಲ್ಲಿ ಬರೆದಿಡಿ: ಈಗಿನ ನಿಘಂಟು, ವೆಬ್‌ಸೈಟ್‌ಗಳಿಂದ ನಕಲು ಹೊಡೆಯುವಂತಿಲ್ಲ. ಒಮ್ಮೆ ಬೆರೆತರೆ ಯಾವ ಪದ ಎಲ್ಲಿಂದ ಬಂತು ಅಂತ ಹುಡುಕಿ ತೆಗೆಯೋದು ಬಹಳ ಕಷ್ಟ. 1894ರ ಕಿಟೆಲ್ ನಿಘಂಟಿನ ಕಾಪಿರೈಟ್ ಅವಧಿ ಮುಗಿದಿದೆ, ಅದನ್ನು ಬಳಸಬಹುದು. ಹಳೆಯ ಕಾಗುಣಿತ ಇರುವುದರಿಂದ ಒಬ್ಬರು ಕೂತು ನೋಡಬೇಕು. ಅವರವರ ಊರಿನ ಅಡುಗೆ, ಬೇಸಾಯ, ಆಟದ ಪದಗಳನ್ನು ನೆನಪಿನಿಂದ ಬರೆಯಲು ಹೇಳಿ. ಅದಕ್ಕೆ ಯಾರ ಅನುಮತಿಯೂ ಬೇಕಿಲ್ಲ.