ಫೋಟೊದಲ್ಲಿ ಗುರು ಗ್ರಹದ ಕೆಂಪು ಮಚ್ಚೆ ಮಸುಕು, ಏಕೆ?

ಪ್ರಶ್ನೆ: 8 ಇಂಚಿನ ಎಫ್/6 (ನಾಭಿದೂರ ಕನ್ನಡಿ ವ್ಯಾಸದ 6 ಪಟ್ಟು) ನ್ಯೂಟೋನಿಯನ್ ಕನ್ನಡಿ ದೂರದರ್ಶಕ, ಗ್ರಹವನ್ನು ತಾನೇ ಹಿಂಬಾಲಿಸುವ ಟ್ರ್ಯಾಕಿಂಗ್ ಇದೆ. 2.9 ಮೈಕ್ರಾನ್ ಪಿಕ್ಸೆಲ್‌ನ ಕಲರ್ ಕ್ಯಾಮೆರಾ, ಬಾರ್ಲೋ (ಬಿಂಬ ಹಿಗ್ಗಿಸುವ ಲೆನ್ಸ್) ಇಲ್ಲ. 6 ನಿಮಿಷದ ವಿಡಿಯೊ ಸ್ಟ್ಯಾಕ್ ಮಾಡಿದರೂ (ಫ್ರೇಮ್‌ಗಳನ್ನು ಒಂದೇ ಚಿತ್ರವಾಗಿ ಸೇರಿಸಿದರೂ) ಪಟ್ಟಿಗಳಷ್ಟೇ ಸಿಗುತ್ತಿವೆ, ಮಚ್ಚೆ ಕಲಸಿಹೋಗಿದೆ.

ಉತ್ತರ 1: 6 ನಿಮಿಷ ಜಾಸ್ತಿ ಆಯ್ತು ಸರ್. ಗುರು 10 ಗಂಟೆಯೊಳಗೆ ತನ್ನ ಸುತ್ತ ಒಂದು ಸುತ್ತು ಮುಗಿಸುತ್ತೆ, ಅಷ್ಟರಲ್ಲಿ ಮಚ್ಚೆ ಸರಿದು ಕಲಸಿಹೋಗುತ್ತೆ. 2 ನಿಮಿಷಕ್ಕೆ ನಿಲ್ಲಿಸಿ. 2.5ಎಕ್ಸ್ ಬಾರ್ಲೋ ಹಾಕಿದರೆ ಎಫ್/15 ಆಗುತ್ತೆ, ಅಂದರೆ ಎಫ್ ಸಂಖ್ಯೆ ಮೈಕ್ರಾನ್‌ನಲ್ಲಿನ ಪಿಕ್ಸೆಲ್ ಅಳತೆಯ ಸುಮಾರು 5 ಪಟ್ಟು, ಸೂಕ್ಷ್ಮ ವಿವರಕ್ಕೆ ಅದು ಸರಿ. ಎಕ್ಸ್‌ಪೋಶರ್ 10 ಮಿಲಿಸೆಕೆಂಡ್ ಮೀರದಿರಲಿ, ಗೇನ್ (ಕ್ಯಾಮೆರಾ ಸಂಕೇತದ ವರ್ಧನೆ) ಏರಿಸಿ. ನಾಯ್ಸ್‌ಗೆ (ಚಿತ್ರದ ಕಾಳುಕಾಳು ಚುಕ್ಕೆಗಳಿಗೆ) ಹೆದರಬೇಡಿ, ಸಾವಿರಾರು ಫ್ರೇಮ್ ಸೇರಿದರೆ ಅಡಗುತ್ತೆ.

ಉತ್ತರ 2: ಅದಕ್ಕೂ ಮೊದಲು ಕಾಲಿಮೇಶನ್, ಅಂದರೆ ಕನ್ನಡಿಗಳನ್ನು ನೇರಕ್ಕೆ ಹೊಂದಿಸುವುದು! ಕನ್ನಡಿ ತಣಿಯಲು ಒಂದು ಗಂಟೆ ಹೊರಗಿಡಿ. ಫ್ರೇಮ್ ಸೇರಿಸುವ ತಂತ್ರಾಂಶ ಆಟೋಸ್ಟ್ಯಾಕರ್ಟ್‌ನಲ್ಲಿ ಉತ್ತಮ 20% ಫ್ರೇಮ್ ಸಾಕು. ಆಮೇಲೆ ಚಿತ್ರ ಚೂಪುಗೊಳಿಸುವ ವೇವ್‌ಲೆಟ್ ಅತಿಯಾದರೆ ಅಂಚಿನಲ್ಲಿ ಈರುಳ್ಳಿ ಪದರದಂಥ ಸುಳ್ಳು ಗೆರೆ ಬರುತ್ತೆ.

ಉತ್ತರ 3: ಮಚ್ಚೆ ನಮಗೆ ಕಾಣುವ ಬಿಂಬದ ನಡುವಿನ ಉತ್ತರ-ದಕ್ಷಿಣ ಗೆರೆ ದಾಟುವ ಹೊತ್ತು ಮೊದಲೇ ನೋಡಿಕೊಳ್ಳಿ, ಅದರ ಆಚೀಚೆ ಒಂದು ಗಂಟೆಯೊಳಗೇ ತೆಗೆಯಿರಿ.