ಅಪ್‌ಡೇಟ್: ಅಮ್ಮನ ಬಾಯಲ್ಲಿ ಪದೇ ಪದೇ ಬರುತ್ತಿದ್ದ ಬಿಳಿ ಪದರ

ಅಮ್ಮನ ನಾಲಿಗೆ ಮೇಲೆ ಕೆನೆಮೊಸರಿನ ಹಾಗೆ ಬಿಳಿ ಪದರ ಕಟ್ಟುತ್ತದೆ, ವರ್ಷದಲ್ಲಿ ಮೂರು ಸಲ ಬಂತು, ಮನೆಯಲ್ಲಿ ಅವರೊಬ್ಬರಿಗೇ ಯಾಕೆ ಅಂತ ಕೇಳಿದ್ದೆ. ಉತ್ತರ ಸಿಕ್ಕಿದೆ.

ಇದು ಕ್ಯಾಂಡಿಡಾ ಅನ್ನುವ ಯೀಸ್ಟ್. ಆರೋಗ್ಯವಾಗಿರುವ ಎಷ್ಟೋ ಜನರ ಬಾಯಲ್ಲೂ ಸುಮ್ನೆ ಇರುತ್ತದೆ. ತಡೆಯುವ ಶಕ್ತಿ ಕುಗ್ಗಿದಾಗ ಹಬ್ಬುತ್ತದೆ, ಅಷ್ಟೇ.

ಅಮ್ಮನ ವಿಷಯದಲ್ಲಿ ದೊಡ್ಡ ಕಾರಣ ಆಸ್ತಮಾ ಇನ್ಹೇಲರ್. ಅದರಲ್ಲಿ ಸ್ಟೀರಾಯ್ಡ್ ಇದೆ. ಎಳೆದುಕೊಂಡ ಔಷಧಿ ಒಂದಷ್ಟು ಬಾಯಿ, ಗಂಟಲಲ್ಲೇ ಉಳಿದು ಆ ಜಾಗದ ರೋಗನಿರೋಧಕ ಶಕ್ತಿಯನ್ನು ತಗ್ಗಿಸುತ್ತದೆ. ಆಮೇಲೆ ಬಾಯಿ ಮುಕ್ಕಳಿಸಿ ಉಗುಳಬೇಕು ಅಂತ ನಮಗೆ ಯಾರೂ ಹೇಳಿರಲಿಲ್ಲ. ಎರಡು ವರ್ಷ! ನೆನೆದರೆ ಈಗಲೂ ಬೇಜಾರಾಗುತ್ತದೆ. ಜೊತೆಗೆ ಶುಗರ್ ಜಾಸ್ತಿ ಇತ್ತು, ಎಚ್‌ಬಿಎ1ಸಿ (ಎರಡು ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ರಕ್ತ ಪರೀಕ್ಷೆ) 9.2. ರಕ್ತದಲ್ಲಿ ಸಕ್ಕರೆ ಏರಿದರೆ ಜೊಲ್ಲಿನಲ್ಲೂ ಏರುತ್ತದೆ, ಯೀಸ್ಟ್‌ಗೆ ಅದೇ ಊಟ ಅಲ್ವಾ? ಸಾಲದ್ದಕ್ಕೆ ಹಲ್ಲಿನ ಸೆಟ್ ಹಾಕಿಕೊಂಡೇ ಮಲಗುತ್ತಿದ್ದರು.

ಡಾಕ್ಟರ್ 14 ದಿನ ಕ್ಲೋಟ್ರಿಮಜೋಲ್ ಮೌತ್ ಪೇಂಟ್, ಅಂದರೆ ಯೀಸ್ಟ್ ವಿರುದ್ಧ ಬಾಯೊಳಗೆ ಹಚ್ಚುವ ಔಷಧಿ, ಕೊಟ್ಟರು. ಇನ್ಹೇಲರ್ ಮಾತ್ರ ನಿಲ್ಲಿಸಲೇಬೇಡಿ ಅಂತ ಒತ್ತಿ ಹೇಳಿ, ಅದಕ್ಕೆ ಸ್ಪೇಸರ್ (ಔಷಧಿ ಬಾಯಲ್ಲಿ ಕಡಿಮೆ ಉಳಿಯುವಂತೆ ಮಾಡುವ ಕೊಳವೆ) ಜೋಡಿಸಿಕೊಳ್ಳಲು ಹೇಳಿದರು. ಶುಗರ್ ಮಾತ್ರೆಯನ್ನೂ ಬದಲಾಯಿಸಿದರು. ಈಗ ಅಮ್ಮ ಪ್ರತಿ ಸಲ ಮುಕ್ಕಳಿಸಿ ಉಗುಳುತ್ತಾರೆ. ರಾತ್ರಿ ಸೆಟ್ ತೆಗೆದು, ಉಜ್ಜಿ, ನೀರಲ್ಲಿಡುತ್ತಾರೆ.

ನಾಲ್ಕು ತಿಂಗಳಾಯಿತು, ಮತ್ತೆ ಬಂದಿಲ್ಲ. ಮೊನ್ನೆ ಸಾರನ್ನ ಉಣ್ಣುವಾಗ ಬಾಯಿ ಉರಿಯಲೇ ಇಲ್ಲ ಅಂದರು.